ಹಾಡಿಲ್ಲದ ಸಿನಿಮಾ ಮತ್ತು ನಮ್ಮ ಹಾಸ್ಟೆಲು

ನಾನು ಈ ಕಾಲೇಜಿನಲ್ಲಿ ಬಿ.ಎ. ಓದಿದ್ದು ಎಂಬತ್ತರ ದಶಕದ ನಡುವಿನಲ್ಲಿ. ಹಾಸ್ಟೆಲಿನಲ್ಲಿ ಆಗ ಶಂಕರ್‌ನಾಗ್ ಹೆಸರಿನಲ್ಲೇ ಎರಡು ಪಂಗಡಗಳಿದ್ದವು. 'ಆಟೋರಾಜ'ನ ಭಕ್ತರದು ಒಂದು. ಅವರು ಕೂದಲು ಬಿಟ್ಟು, ಕಾಲರ್ ಎತ್ತಿ ತಿರುಗುತ್ತಿದ್ದರು. 'ಒಂದಾನೊಂದು ಕಾಲದಲ್ಲಿ'ಯ ನಟನೆಗೆ 1979ರ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಬಂದದ್ದನ್ನು ಮಾತುಮಾತಿಗೂ ಎತ್ತುವ ಜೋಳಿಗೆ ಚೀಲದವರದು ಇನ್ನೊಂದು. ನಾನು ಎರಡೂ ಕಡೆ ಊಟಕ್ಕೆ ಕೂರುತ್ತಿದ್ದೆ.

ಶಂಕರ್ ತಾವೇ ನಿರ್ದೇಶಿಸಿದ 'ಆಕ್ಸಿಡೆಂಟ್' ಊರಿನ ಟಾಕೀಸಿಗೆ ಬಂದಾಗ ಎರಡೂ ಪಂಗಡದವರು ಒಟ್ಟಿಗೇ ಸೆಕೆಂಡ್ ಶೋಗೆ ಹೋದೆವು. ಅಮಲೇರಿದ ಹುಡುಗನೊಬ್ಬ ಫುಟ್‌ಪಾತಿನಲ್ಲಿ ಮಲಗಿದವರ ಮೇಲೆ ಕಾರು ಹರಿಸುತ್ತಾನೆ. ಅವನ ತಂದೆ ರಾಜಕಾರಣಿ, ಅನಂತನಾಗ್. ಬೆನ್ನು ಹತ್ತುವ ಪತ್ರಕರ್ತ ಶಂಕರ್. ಹಾಡು ಈಗ ಬರುತ್ತದೆ, ಆಗ ಬರುತ್ತದೆ ಎಂದು ಗಾಂಧಿ ಕ್ಲಾಸಿನವರು ಕಾದೇ ಕಾದರು, ಬರಲಿಲ್ಲ. ಇಳಯರಾಜ ಅವರಂಥ ಸಂಗೀತ ನಿರ್ದೇಶಕರನ್ನು ಕರೆತಂದು ಒಂದೂ ಹಾಡು ಮಾಡಿಸದೆ ಕಳಿಸುವ ಎದೆಗಾರಿಕೆ ಯಾರಿಗಿದ್ದೀತು! ಮಧ್ಯಂತರದಲ್ಲಿ ಕೆಲವರು ಗೊಣಗುತ್ತಾ ಎದ್ದು ಹೋದರು. ಕೂತವರು ಮಾತ್ರ ಆಮೇಲೆ ಸಿಳ್ಳೆ ಹಾಕುವುದನ್ನೇ ಮರೆತರು. ಹಾಸ್ಟೆಲಿಗೆ ನಡೆದು ಬರುವಾಗ 'ಆಟೋರಾಜ' ಪಂಗಡದ ಮುಂದಾಳು, ಕಾಲರ್ ಇಳಿಸಿಕೊಂಡು, ಆ ರಾಜಕಾರಣಿಗೆ ಶಿಕ್ಷೆ ಆಗಬೇಕಿತ್ತೋ ಬೇಡವೋ ಎಂದು ಅರ್ಥಶಾಸ್ತ್ರದ ವಿದ್ಯಾರ್ಥಿಯೊಬ್ಬನ ಜೊತೆ ಜಗಳಕ್ಕೆ ನಿಂತಿದ್ದ. ವಾರ್ಡನ್ ಬಾಗಿಲು ಹಾಕಿದ್ದರಿಂದ ಆ ಜಗಳ ಮೆಟ್ಟಿಲ ಮೇಲೆ ಬೆಳಗಿನವರೆಗೆ ನಡೆಯಿತು. ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ಜೋಳಿಗೆಯವರಿಗೆ ಸ್ವಲ್ಪ ದಿನ ಕೋಡು ಮೂಡಿತ್ತು.

ಮುಂಬಯಿಯ ಮರಾಠಿ ರಂಗಭೂಮಿಯಲ್ಲಿ ಪಳಗಿ ಬಂದ ಹೊನ್ನಾವರದ ಕಡೆಯ ಈ ಹುಡುಗ ಶಂಕರ್, ಕನ್ನಡದಲ್ಲಿ ಹನ್ನೆರಡು ವರ್ಷಗಳಲ್ಲಿ ಮಾಡಿದ ಚಿತ್ರಗಳಲ್ಲಿ ಬಹುಪಾಲು ಹೊಡೆದಾಟದವು. ಅವುಗಳಲ್ಲಿ ಕೆಲವು ನೋಡಲಾಗದಷ್ಟು ಕೆಟ್ಟದಾಗಿವೆ; ಭಕ್ತರು ಸಿಟ್ಟಾದರೂ ಸರಿ. ಆದರೆ ಆ ನಾಯಕನ ಹೆಗಲೇರಿಯೇ ನಿರ್ದೇಶಕ ತನಗೆ ಬೇಕಾದಲ್ಲಿಗೆ ಹೋದ ಎಂಬುದು ನನ್ನ ಲೆಕ್ಕ. 1980ರಲ್ಲಿ 'ಮಿಂಚಿನ ಓಟ', ಮುಂದೆ ರಾಜ್‌ಕುಮಾರ್ ಅವರೊಂದಿಗೆ 'ಒಂದು ಮುತ್ತಿನ ಕಥೆ', ನಡುನಡುವೆ 'ಸಂಕೇತ್' ತಂಡದ ನಾಟಕಗಳು. ಹಣ ಹಾಕುವವನ ಮರ್ಜಿಗೆ ಕಾಯದೆ ಕೆಲಸ ಮಾಡಬೇಕೆಂದರೆ ಇಲ್ಲಿ ಅದೊಂದೇ ದಾರಿಯಿತ್ತೇನೋ.

ಶಂಕರ್ ನಿರ್ದೇಶನದ ಟಿ.ವಿ. ಧಾರಾವಾಹಿ 'ಮಾಲ್ಗುಡಿ ಡೇಸ್' ಚಿತ್ರೀಕರಣ ಆಗುಂಬೆಯಲ್ಲಿ ನಡೆಯುತ್ತಿದೆ ಎಂದು ತಿಳಿದದ್ದೇ ತಡ, ನಾವು ಕೆಲವರು ತರಗತಿಗೆ ಚಕ್ಕರ್ ಹೊಡೆದು ಬಸ್ ಹತ್ತಿದೆವು. ದೊಡ್ಡಮನೆಯ ಎದುರು ಜನವೋ ಜನ. ನನಗೆ ಕಂಡದ್ದು ಹೆಚ್ಚಾಗಿ ಮುಂದೆ ನಿಂತವರ ಬೆನ್ನು. ಪುಸ್ತಕದ ಚೀಲ ಹೊತ್ತ, ಸ್ವಾಮಿಯ ಪಾತ್ರದ ಹುಡುಗ ಮಂಜುನಾಥ್ ಒಮ್ಮೆ ಜಗಲಿಯಿಂದ ಇಳಿದು ಬಂದ, ಮತ್ತೆ ಹತ್ತಿದ, ಮತ್ತೆ ಇಳಿದ. ಅಷ್ಟರಲ್ಲಿ ಆಗುಂಬೆಯ ಮಳೆ ಎಲ್ಲರನ್ನೂ ಚದುರಿಸಿತು. ಆ ಸ್ವಾಮಿಯನ್ನು ದೂರದರ್ಶನದಲ್ಲಿ ದೇಶವೇ ನೋಡುವಾಗ, ಅವನು ಇಳಿದ ಮೆಟ್ಟಿಲು ನಮ್ಮದು ಎಂದು ಹಾಸ್ಟೆಲಿನ ಟಿ.ವಿ. ಕೋಣೆಯಲ್ಲಿ ನಾವು ಮೆರೆದದ್ದು ಅಷ್ಟಿಷ್ಟಲ್ಲ.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಬಳಿಯ ಆನಗೋಡಿನಲ್ಲಿ ಕಾರು ಅಪಘಾತವಾಯಿತು. ಶಂಕರ್‌ಗೆ ಇನ್ನೂ ಮೂವತ್ತಾರು ತುಂಬಿರಲಿಲ್ಲ. ಅಷ್ಟು ಹೊತ್ತಿಗೆ ನಾವೆಲ್ಲ ಕೆಲಸ ಹುಡುಕುತ್ತಾ ದಿಕ್ಕಿಗೊಬ್ಬರಾಗಿದ್ದೆವು. ಮೊಬೈಲ್ ಇಲ್ಲದ ಕಾಲ. ಆ ಮುಂದಾಳು ಮಾತ್ರ ನನಗೊಂದು ಇನ್‌ಲ್ಯಾಂಡ್ ಪತ್ರ ಬರೆದಿದ್ದ. ಅದರಲ್ಲಿ 'ಆಟೋರಾಜ'ನ ಸುದ್ದಿಯೇ ಇರಲಿಲ್ಲ, ಪತ್ರದ ತುಂಬ 'ಆಕ್ಸಿಡೆಂಟ್' ಬಗ್ಗೆಯೇ ಬರೆದಿದ್ದ.

ಈಗಿನ ವಿದ್ಯಾರ್ಥಿಗಳು ಅರಸಾಳಿನ 'ಮಾಲ್ಗುಡಿ' ರೈಲು ನಿಲ್ದಾಣದ ಮುಂದೆ ಸೆಲ್ಫಿ ತೆಗೆದುಕೊಳ್ಳುವುದನ್ನು ನೋಡಿದ್ದೇನೆ. ತೆಗೆದುಕೊಳ್ಳಲಿ. ಈ ವರ್ಷದ ಹಳೆಯ ವಿದ್ಯಾರ್ಥಿಗಳ ಸಮ್ಮೇಳನದ ಸಂಜೆ ಭಾಷಣಗಳನ್ನು ಅರ್ಧಕ್ಕೆ ಇಳಿಸಿ 'ಆಕ್ಸಿಡೆಂಟ್' ತೋರಿಸುವುದಾದರೆ ಪ್ರೊಜೆಕ್ಟರಿನ ಬಾಡಿಗೆ ನಾನು ಕೊಡುತ್ತೇನೆ. ಹಾಸ್ಟೆಲಿನ ಬಾಗಿಲು ಆ ರಾತ್ರಿ ಎಷ್ಟು ಹೊತ್ತಿಗೆ ಹಾಕುತ್ತಾರೆಂದು ಪ್ರಾಂಶುಪಾಲರು ಮೊದಲೇ ತಿಳಿಸಿದರೆ ಒಳ್ಳೆಯದು.