ಆ ಬ್ಲಾಕಿನಲ್ಲಿ ನಮ್ಮ ಪಾಲು ಮುಗಿದಿತ್ತು

ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು. ಸಿಂಗಪುರದ ಸೆಂಗ್‌ಕಾಂಗ್‌ನಲ್ಲಿ ಹನ್ನೊಂದನೇ ಮಹಡಿಯ ಮನೆ. ಎಂಆರ್‌ಟಿ ಮೆಟ್ರೋಗೆ ನಡೆದೇ ಹೋಗಬಹುದು, ಮಗಳ ಶಾಲೆ ಎದುರಿಗೇ. ಮಾರುತ್ತಿದ್ದವರು ಚೀನೀ ಮೂಲದ ವಯಸ್ಸಾದ ದಂಪತಿ. ಅಜ್ಜಿ ಫ್ರಿಜ್ಜಿನಿಂದ ಸೇವಂತಿಗೆ ಟೀಯ ಪೊಟ್ಟಣ ತೆಗೆದು, ಸ್ಟ್ರಾ ಚುಚ್ಚಿ, ಒಬ್ಬೊಬ್ಬರ ಕೈಗೂ ಕೊಟ್ಟರು. ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಕಿಟಕಿ ತೆರೆದು ತೋರಿಸಿದರು. "ಕರಿ ಮಾಡ್ತೀಯಲ್ಲ, ಇದನ್ನ ತೆಗೆದಿಡು, ಗಾಳಿ ಚೆನ್ನಾಗಿ ಬರುತ್ತೆ." ಆಕ್ಷೇಪವಲ್ಲ, ಉಪಾಯ. ಬಾಗಿಲ ಹೊರಗೆ ಗೋಡೆಗೆ ಒತ್ತಿ ಅವರ ದೇವರ ಕೆಂಪು ಗೂಡಿತ್ತು. ಮುಂದೆ ಕಿತ್ತಳೆ ಹಣ್ಣು, ಬೂದಿ ತುಂಬಿದ ಲೋಟದಲ್ಲಿ ಊದುಬತ್ತಿಯ ಕಡ್ಡಿಗಳು. "ನಿಮ್ಮ ದೇವರನ್ನೂ ಇಲ್ಲೇ ಇಡಿ, ಜಾಗ ಒಳ್ಳೇದು" ಅಂದರು ಅಂಕಲ್. ನನ್ನ ಗಂಡ ಆಗಲೇ ಮನಸ್ಸಿನಲ್ಲಿ ಸೋಫಾ ಎಲ್ಲಿಡಬೇಕೆಂದು ಅಳೆಯುತ್ತಿದ್ದ.

ಏಜೆಂಟ್ ಹುಡುಗಿ ಕೊನೆಗೊಮ್ಮೆ ನೋಡಿಬಿಡೋಣ ಎಂದು ಫೋನ್ ತೆಗೆದಳು. ವಸತಿ ಮಂಡಳಿಯ ತಾಣದಲ್ಲಿ ಬ್ಲಾಕ್ ನಂಬರು, ಕೊಳ್ಳುವವರ ಜನಾಂಗ, ಮಾರುವವರ ಜನಾಂಗ ಎಲ್ಲ ಒತ್ತಿದಳು. ಒಂದು ಕ್ಷಣ ಸುಮ್ಮನಿದ್ದು, "ಅಯ್ಯೋ, ಇಂಡಿಯನ್-ಅದರ್ಸ್ ಫುಲ್" ಅಂದಳು. ಇಲ್ಲಿನ ಸರ್ಕಾರಿ ವಸತಿಯಲ್ಲಿ ಒಂದೊಂದು ಬ್ಲಾಕಿಗೂ, ಅಂದರೆ ಒಂದೊಂದು ಕಟ್ಟಡಕ್ಕೂ, ಯಾವ ಜನಾಂಗದವರು ಎಷ್ಟಿರಬಹುದು ಎಂಬ ಲೆಕ್ಕವಿದೆ. ಹಿಂದಿನ ವಾರ ಜಾಗವಿತ್ತಂತೆ. ಲೆಕ್ಕ ಪ್ರತಿ ತಿಂಗಳು ಒಂದನೇ ತಾರೀಕು ಹೊಸದಾಗುತ್ತದೆ, ಅವತ್ತು ಒಂದನೇ ತಾರೀಕು. ಅಂಕಲ್ ಚೀನೀಯರು, ನಾವು ಭಾರತೀಯರು. ಭಾರತೀಯರ ಪಾಲು ತುಂಬಿದ ಬ್ಲಾಕಿನಲ್ಲಿ ಇಂಥವರಿಂದ ಇಂಥವರು ಕೊಳ್ಳುವಂತಿಲ್ಲ. ಅಲ್ಲಿ ನಮಗೆ ಮನೆ ಬೇಕೆಂದರೆ ನಮ್ಮದೇ ಗುಂಪಿನವರು ಯಾರಾದರೂ ಮಾರಬೇಕು.

ಅಂಕಲ್‌ಗೆ ನಮಗಿಂತ ಹೆಚ್ಚು ಬೇಜಾರಾಯಿತು. "ಮನೆ ನನ್ನದು, ದುಡ್ಡು ನಿಮ್ಮದು, ನಡುವೆ ಅವರದೇನು?" ಎಂದು ಗೊಣಗಿದರು. ಹಾಗೆ ಗೊಣಗಿದರೂ ನಿಯಮವನ್ನು ಬೈಯಲಿಲ್ಲ. 1964ರಲ್ಲಿ ಅವರು ಚಿಕ್ಕ ಹುಡುಗ. ಆ ಜುಲೈ 21ರಂದು, ಪ್ರವಾದಿಯವರ ಜನ್ಮದಿನದ ಮೆರವಣಿಗೆಯ ಹೊತ್ತಿನಲ್ಲಿ, ಚೀನೀಯರಿಗೂ ಮಲಯರಿಗೂ ಗಲಭೆ ಹತ್ತಿಕೊಂಡು 23 ಜನ ಸತ್ತರು. ಕರ್ಫ್ಯೂ ಹಾಕಿದ್ದು, ಅಪ್ಪ ಬಾಗಿಲಿಗೆ ಮೇಜು ಒತ್ತಿಟ್ಟಿದ್ದು ಅಂಕಲ್‌ಗೆ ಇನ್ನೂ ನೆನಪಿದೆ. ಆಗ ಮಲಯರ ಕಾಂಪಾಂಗ್ ಹಳ್ಳಿ ಬೇರೆ, ಚೀನೀಯರ ಬೀದಿ ಬೇರೆ. ಎತ್ತರದ ಕಟ್ಟಡಗಳಿಗೆ ಬಂದ ಮೇಲೂ ಜನ ಮತ್ತೆ ತಮ್ಮ ತಮ್ಮವರ ಪಕ್ಕಕ್ಕೇ ಸೇರಿಕೊಳ್ಳತೊಡಗಿದ್ದನ್ನು ನೋಡಿ ಸರ್ಕಾರ 1989ರಲ್ಲಿ ಈ ಕೋಟಾ ತಂದಿತು. ಈಗಿರುವ ಮಿತಿ ಒಂದು ಬ್ಲಾಕಿನಲ್ಲಿ ಚೀನೀಯರಿಗೆ ಶೇ. 87, ಮಲಯರಿಗೆ ಶೇ. 25, ಭಾರತೀಯರು ಮತ್ತು ಇತರರಿಗೆ ಒಟ್ಟಿಗೆ ಶೇ. 15. ಇಡೀ ಬಡಾವಣೆಗೆ ಇನ್ನೂ ಸ್ವಲ್ಪ ಬಿಗಿಯಾದ ಮಿತಿಯಿದೆ. ಊರಿನ ಹತ್ತಿರ ಹತ್ತಿರ ನೂರಕ್ಕೆ ಎಂಬತ್ತು ಜನ ಇಂಥ ಸರ್ಕಾರಿ ವಸತಿಯಲ್ಲೇ ಇರುವುದರಿಂದ ಇದು ಎಲ್ಲೋ ಮೂಲೆಯ ನಿಯಮವಲ್ಲ.

ಆ 'ಇಂಡಿಯನ್-ಅದರ್ಸ್' ಖಾನೆಯ ತಮಾಷೆ ಕೇಳಿ. ದಾವಣಗೆರೆಯಲ್ಲಿ ನಾನು ಏನಾಗಿದ್ದೆ ಎಂಬುದಕ್ಕೆ ಹತ್ತು ಉತ್ತರಗಳಿದ್ದವು. ಇಲ್ಲಿ ತಮಿಳರು, ಮಲಯಾಳಿಗಳು, ಸಿಖ್ಖರು ಅಷ್ಟೇ ಅಲ್ಲ, ಪಾಕಿಸ್ತಾನ, ಬಾಂಗ್ಲಾ, ಶ್ರೀಲಂಕಾ ಮೂಲದವರೂ 'ಇಂಡಿಯನ್' ಲೆಕ್ಕಕ್ಕೇ. ವಸತಿಯ ವಿಷಯಕ್ಕೆ ಬಂದರೆ ಯುರೇಷಿಯನ್ನರು, ಫಿಲಿಪಿನೋಗಳು ಎಲ್ಲ ನಮ್ಮ ಜತೆಗೇ. ಅಂಕಲ್ ಬ್ಲಾಕಿನಲ್ಲಿ ನಮ್ಮ ಜಾಗ ತುಂಬಿದವರು ಲಾಹೋರ್ ಮೂಲದವರೋ ಮನಿಲಾದವರೋ ಯಾರಿಗೆ ಗೊತ್ತು! ಆದರೆ ಶಾಲೆಗೆ ಹೋದರೆ ಇಷ್ಟು ವಿಶಾಲ ಮನಸ್ಸು ಕಾಣುವುದಿಲ್ಲ. ಭಾಷೆಯ ಪಟ್ಟಿಯಲ್ಲಿ ತಮಿಳಿದೆ, ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಇವೆ, ಕನ್ನಡವಿಲ್ಲ. ಮಗಳು ಹಿಂದಿ ಓದುತ್ತಾಳೆ. ಕನ್ನಡದ ಕಾಗುಣಿತ ಭಾನುವಾರ ಊಟದ ಮೇಜಿನ ಮೇಲೆ, ಅಳು ಮತ್ತು ಜಗಳದ ನಡುವೆ ನಡೆಯುತ್ತದೆ.

ಮನೆ ಕೈತಪ್ಪಿದ ಸಿಟ್ಟಿನಲ್ಲಿ ಲಿಫ್ಟಿನೊಳಗೆ ಗಂಡ, "ಜಾತಿ ನೋಡಿ ಮನೆ ಕೊಡೋದು ಇಲ್ಲೂ ತಪ್ಪಲಿಲ್ಲ ನೋಡು" ಅಂದ. ನಾನು ಒಪ್ಪಲಿಲ್ಲ. ಬೆಂಗಳೂರಿನ ವಿಜಯನಗರದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾಗ ಓನರ್ ಆಂಟಿ ನಗುತ್ತಲೇ ಒಳಗೆ ಕರೆದು, ಕಾಫಿ ಕೊಟ್ಟು, "ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ಅಂತ ಕೇಳಿದ್ದರು. ಹೇಳಿದೆವು. "ಊರಿಂದ ಮಗ ಬರ್ತಾನಂತೆ, ಮನೆ ಕೊಡ್ತಾ ಇಲ್ಲ" ಅಂದರು. 'ಟು ಲೆಟ್' ಬೋರ್ಡು ಮುಂದಿನ ತಿಂಗಳೂ ಗೇಟಿನ ಮೇಲೆ ನೇತಾಡುತ್ತಿತ್ತು. ಅಲ್ಲಿ ಯಾವ ಕಾಗದದಲ್ಲೂ ಏನೂ ಬರೆದಿರಲಿಲ್ಲ, ಆದರೂ ಆ ಬೀದಿಯ ಅಷ್ಟೂ ಮನೆಗಳಲ್ಲಿ ಎರಡು ಮೂರು ಪೈಕಿಯವರೇ ಇದ್ದರು. ಸಿಂಗಪುರದವರೇನು ದೇವರಲ್ಲ. ಇಲ್ಲಿ ಬಾಡಿಗೆ ಮನೆ ಹುಡುಕುವಾಗ 'ಭಾರತೀಯರಿಗೆ ಇಲ್ಲ' ಎಂಬ ಜಾಹೀರಾತನ್ನೂ ನೋಡಿದ್ದೇನೆ, 'ಹೆವಿ ಕುಕಿಂಗ್ ಮಾಡ್ತೀರಾ?' ಎಂಬ ಪ್ರಶ್ನೆಗೂ ಉತ್ತರ ಕೊಟ್ಟಿದ್ದೇನೆ. ಪಕ್ಕದ ಮನೆಯ ಕರಿ ವಾಸನೆ ತಡೆಯಲಾಗದು ಎಂದು ಚೀನಾದಿಂದ ಬಂದ ಒಂದು ಕುಟುಂಬ ದೂರು ಕೊಟ್ಟ ಸುದ್ದಿ 2011ರಲ್ಲಿ ಹೊರಬಿದ್ದಾಗ, ಊರಿನ ಜನವೇ ಒಂದು ಭಾನುವಾರ ಗೊತ್ತುಮಾಡಿ, ಚೀನೀಯರೂ ಸೇರಿ, ಕರಿ ಬೇಯಿಸಿ ಉತ್ತರ ಕೊಟ್ಟಿದ್ದೂ ಇಲ್ಲೇ. ನನ್ನ ಮಾತಿಷ್ಟೇ: ಆಂಟಿಯ ನಿಯಮ ಇದ್ದದ್ದು ನಮ್ಮನ್ನು ಹೊರಗಿಡಲಿಕ್ಕೆ, ಈ ನಿಯಮ ಇರುವುದು ಎಲ್ಲರನ್ನೂ ಬೆರೆಸಲಿಕ್ಕೆ. ಅವತ್ತು ಬೆಳಿಗ್ಗೆ ನಮಗೆ ಎರಡರ ಫಲವೂ ಒಂದೇ ಆಯಿತು, ಅದು ಬೇರೆ ಮಾತು.

ಗಂಡನದೂ ಒಂದು ಪಾಯಿಂಟು ಇತ್ತು, ಅದನ್ನು ತಳ್ಳಿಹಾಕಲು ಆಗಲಿಲ್ಲ. 25ಕ್ಕೆ 15 ಕೂಡಿಸಿದರೆ 40. ಅಂದರೆ ಲೆಕ್ಕದ ಪ್ರಕಾರ ಯಾವ ಬ್ಲಾಕಿನಲ್ಲೂ ಅಲ್ಪಸಂಖ್ಯಾತರೆಲ್ಲ ಒಟ್ಟಾದರೂ ಅರ್ಧ ದಾಟುವಂತಿಲ್ಲ, ಚೀನೀಯರು ಮಾತ್ರ ಎಲ್ಲ ಕಡೆಯೂ ಹೆಚ್ಚು. "ಬೆರೆಸೋದು ಅಂದ್ರೆ ಇದೇನಾ?" ಅಂದ. ಜನಸಂಖ್ಯೆಯಲ್ಲೇ ಅವರು ನೂರಕ್ಕೆ 74 ಇದ್ದಾರೆ ಎಂದು ನಾನು ವಾದಿಸಿದೆ. ಲಿಫ್ಟು ಕೆಳಗೆ ಬಂತು. ಕಟ್ಟಡದ ಕೆಳಗಿನ ತೆರೆದ ಜಾಗದಲ್ಲಿ, ಇಲ್ಲಿಯವರು ವಾಯ್ಡ್ ಡೆಕ್ ಅನ್ನುವಲ್ಲಿ, ಮಲಯ್ ಮದುವೆ. ಕೊಂಪಾಂಗ್ ತಮಟೆಗಳ ಸದ್ದಿಗೆ ನಮ್ಮ ವಾದ ನಮಗೇ ಕೇಳಿಸಲಿಲ್ಲ.

ಸಂಜೆ ಏಜೆಂಟ್ ಇನ್ನೊಂದು ಬ್ಲಾಕಿಗೆ ಕರೆದುಕೊಂಡು ಹೋದಳು. ಮಾರುತ್ತಿದ್ದವರು ನಿವೃತ್ತ ನರ್ಸ್, ತಮಿಳರು, ಅವರ ಅಜ್ಜನ ಕಾಲದಿಂದ ಇಲ್ಲೇ. ಬೆಂಗಳೂರಿನಲ್ಲಿ ಕಲಿತ ನನ್ನ ಹರಕುಮುರುಕು ತಮಿಳಿಗೆ ಅವರು ಮನಸಾರೆ ನಕ್ಕರು. ಬೆಲೆ ಕೇಳಿದರೆ ಬೆಳಗಿನ ಮನೆಗಿಂತ ಎಷ್ಟೋ ಕಡಿಮೆ. ಗೋಡೆ ಬಿರುಕು ಬಿಟ್ಟಿದೆಯಾ ಎಂದು ಗಂಡ ಮೂಲೆಮೂಲೆ ನೋಡಿದ. ಬಿರುಕೇನೂ ಇರಲಿಲ್ಲ. ಆ ಬ್ಲಾಕಿನಲ್ಲಿ ಚೀನೀಯರ 87 ತುಂಬಿಹೋಗಿತ್ತು. ಹೆಚ್ಚು ಬೆಲೆಗೆ ಕೇಳಿದ್ದ ಚೀನೀ ಜೋಡಿಗೆ ಅವರು ಮಾರುವಂತಿರಲಿಲ್ಲ. ಉಳಿದವರು ಮಲಯರು ಮತ್ತು ನಾವು. ಗಿರಾಕಿ ಕಡಿಮೆಯಾದರೆ ಬೆಲೆ ತಾನೇ ಇಳಿಯುತ್ತದೆ. ಹೀಗೆ ಸಿಕ್ಕಿಬಿದ್ದವರ ಮನೆಯನ್ನು ಮಂಡಳಿಯೇ ಕೊಳ್ಳುವ ಏರ್ಪಾಡು 2022ರಿಂದ ಇದೆ. "ಅದಕ್ಕೆಲ್ಲ ಕಾಯೋ ವಯಸ್ಸಾ ನನ್ನದು?" ಎಂದರು.

ಬೆಳಿಗ್ಗೆ ನಮ್ಮನ್ನು ಬಾಗಿಲಿಂದ ವಾಪಸು ಕಳಿಸಿದ ನಿಯಮ ಸಂಜೆ ನಮಗೆ ದುಡ್ಡು ಉಳಿಸುತ್ತಿತ್ತು, ಆಕೆಯ ಕೈಯಿಂದ ಕಿತ್ತು. ಬೆಳಿಗ್ಗೆಯಿಂದ ನಿಯಮವನ್ನು ಬೈಯುತ್ತಿದ್ದ ಗಂಡ ಈಗ ಚಕಾರವೆತ್ತಲಿಲ್ಲ. ಸಮರ್ಥಿಸುತ್ತಿದ್ದ ನನಗೆ ಬಾಯಿ ಕಟ್ಟಿತು.

ಹೊರಡುವಾಗ ಆಕೆ ನನ್ನ ಕೈ ಹಿಡಿದು, "ಮಾ, ಕಡಿಮೆಗೆ ಸಿಕ್ತು ಅಂತ ಹಿಗ್ಗಬೇಡ. ನಾಳೆ ನೀನು ಮಾರೋವಾಗ ನಿನಗೂ ಇದೇ ಗತಿ. ಈಗಲೇ ಲೆಕ್ಕ ಹಾಕ್ಕೋ" ಅಂದರು. ಎಂಆರ್‌ಟಿಯಲ್ಲಿ ಕೂತು ಲೆಕ್ಕ ಹಾಕಿದೆವು. ಶಾಲೆಗೆ ಎರಡು ಸ್ಟಾಪು, ಅಡುಗೆಮನೆಗೆ ದೊಡ್ಡ ಕಿಟಕಿ. ಮನೆ ತಲುಪುವ ಮೊದಲೇ ಏಜೆಂಟ್‌ಗೆ ಫೋನ್ ಮಾಡಿ ಹೂಂ ಅಂದೆವು.