ಸ್ಪ್ರಿಂಟಿಗೆ ಮುಂಚಿನ ಮುನ್ನೂರು ಮೀಟರ್

16 ನವೆಂಬರ್ 2025, ಭಾನುವಾರ

ಮುಂದಿನ ತಿಂಗಳ ಸೈಕಲ್ ರೇಸಿಗಾಗಿ ನಮ್ಮ ತಂಡದ ನಾಲ್ವರೂ ಇಂದು ಬೆಳಗ್ಗೆ ದೇವನಹಳ್ಳಿಯಾಚೆ, ವಾಹನಗಳ ಓಡಾಟ ಕಡಿಮೆಯಿರುವ ಸಪಾಟು ರಸ್ತೆಯಲ್ಲಿ ಲೀಡ್‌ಔಟ್ ಅಭ್ಯಾಸ ಮಾಡಿದೆವು. ತಂಡದ ಸ್ಪ್ರಿಂಟರನ್ನು, ಅಂದರೆ ಕೊನೆಯ ಓಟದಲ್ಲಿ ಗೆಲ್ಲಲು ನುಗ್ಗುವವನನ್ನು, ಗಾಳಿಗೆ ಒಡ್ಡದೆ, ಸಾಲಾಗಿ ಎಳೆದುಕೊಂಡು ಹೋಗಿ, ಮುಕ್ತಾಯದ ಗೆರೆಗೆ ಇನ್ನೂರು ಮೀಟರ್ ಇರುವಾಗ ಪೂರ್ಣ ವೇಗದಲ್ಲಿ ಬಿಟ್ಟುಕೊಡುವುದೇ ಈ ಕೆಲಸ. ನನ್ನದು ಮೂರನೆಯ ಸ್ಥಾನ, ಅಂದರೆ ಸ್ಪ್ರಿಂಟರನ ಮುಂದಿನ ಚಕ್ರ.

ಇದೆಲ್ಲ ಗಾಳಿಯ ಲೆಕ್ಕ. ಗಾಳಿಯ ತಡೆ ವೇಗದ ವರ್ಗದಂತೆಯೂ, ಅದನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದಂತೆಯೂ ಏರುವುದರಿಂದ, ಗಂಟೆಗೆ 40 ಕಿ.ಮೀ.ಯಿಂದ 50ಕ್ಕೆ ಹೋಗಲು ಗಾಳಿಯ ವಿರುದ್ಧ ಹೆಚ್ಚುಕಡಿಮೆ ಎರಡು ಪಟ್ಟು ಶಕ್ತಿ ಬೇಕಾಗುತ್ತದೆ. ಮುಂದಿನ ಚಕ್ರಕ್ಕೆ ಅಂಟಿಕೊಂಡವನಿಗೆ ಆ ಹೊರೆಯ ದೊಡ್ಡ ಪಾಲು ತಪ್ಪುತ್ತದೆ. ಆದರೆ ಹೀಗೆ ಗಾಳಿಯಿಂದ ಮರೆ ಕೊಡುವುದಷ್ಟೇ ಲೀಡ್‌ಔಟ್ ಅಲ್ಲ. ಹಿಂದಿನಿಂದ ಯಾರೂ ಪಕ್ಕಕ್ಕೆ ಬಂದು ದಾಟಲಾಗದಷ್ಟು ವೇಗವನ್ನು ಕಾಯ್ದುಕೊಳ್ಳುವುದೂ ಅದರೊಳಗೇ ಇದೆ, ಮತ್ತು ಹವ್ಯಾಸಿ ತಂಡಗಳು ಸೋಲುವುದು ಹೆಚ್ಚಾಗಿ ಇಲ್ಲಿಯೇ.

ಕಾರಣ ಸರಳ. ಮುಂದಿನವನು ಸರಿದ ಕೂಡಲೇ ಆಗಷ್ಟೇ ಮುಂಚೂಣಿಗೆ ಬಂದವನು ಉತ್ಸಾಹದಿಂದ ಒಮ್ಮೆಲೇ ಜೋರಾಗಿ ತುಳಿಯುತ್ತಾನೆ, ಹಿಂದೆ ಎರಡು ಸೈಕಲ್ಲುದ್ದದ ಬಿರುಕು ಬೀಳುತ್ತದೆ, ಅದನ್ನು ಮುಚ್ಚಲು ಸ್ಪ್ರಿಂಟರನೇ ಗಾಳಿಗೆ ಬಿದ್ದು ತನ್ನ ಓಟವನ್ನು ಅರ್ಧ ಮುಗಿಸಿಬಿಡುತ್ತಾನೆ. ಉತ್ಸವದ ಪಲ್ಲಕ್ಕಿಗೆ ಹೆಗಲು ಬದಲಿಸುವವರು ಅದು ಅಲುಗದಂತೆ ನೋಡಿಕೊಳ್ಳುವ ಹಾಗೆ ಇಲ್ಲಿಯೂ ಸರದಿ ಬದಲಾಗಬೇಕು: ಗೇರನ್ನು ಮೊದಲೇ ಆರಿಸಿಕೊಂಡು, ಐದಾರು ಪೆಡಲ್ ಸುತ್ತುಗಳಲ್ಲಿ ವೇಗವನ್ನು ಮೆಲ್ಲನೆ ಏರಿಸಬೇಕು, ಸರಿಯುವವನು ಬ್ರೇಕ್ ಮುಟ್ಟದೆ, ತಲೆ ತಿರುಗಿಸದೆ, ತುಳಿಯುತ್ತಲೇ ಬದಿಗೆ ಹೋಗಬೇಕು. ನಮ್ಮಲ್ಲಿ ರೇಡಿಯೋ ಇಲ್ಲದ ಕಾರಣ ಹಿಂದಿನಿಂದ ಸ್ಪ್ರಿಂಟರನು ಕೂಗುವ ಎರಡೇ ಮಾತುಗಳನ್ನು ಗೊತ್ತುಮಾಡಿಕೊಂಡೆವು: ಅಂಟಿಕೊಂಡಿದ್ದರೆ ‘ಸರಿ’, ಬಿರುಕು ಬಿದ್ದರೆ ‘ತಡೆ’.

ನಾಲ್ವರಿರುವ ತಂಡ ವೃತ್ತಿಪರರಂತೆ ಮೂರು ಕಿಲೋಮೀಟರ್ ಮೊದಲೇ ಸಾಲು ಕಟ್ಟಿದರೆ ಕೊನೆಗೆ ಯಾರೂ ಉಳಿಯುವುದಿಲ್ಲ. ಇಂದು ಗೆರೆಗೆ 1,200 ಮೀಟರ್ ಇರುವಾಗ ಹೊರಟಾಗ ಸಾಲು ಮುರಿಯಲಿಲ್ಲ. ಮೊದಲನೆಯವನು 800ರವರೆಗೆ, ಎರಡನೆಯವನು 500ರವರೆಗೆ, ಅಲ್ಲಿಂದ 200ರವರೆಗೆ ನಾನು. ಗಂಟೆಗೆ 50 ಕಿ.ಮೀ. ವೇಗದಲ್ಲಿ ನನ್ನ ಪಾಲಿನ 300 ಮೀಟರಿಗೆ ಸುಮಾರು 22 ಸೆಕೆಂಡು. ಎಡದಿಂದ ಗಾಳಿ ಬೀಸುತ್ತಿದ್ದುದರಿಂದ ನಾನು ರಸ್ತೆಯ ಬಲ ಅಂಚನ್ನು ಹಿಡಿದೆ. ಆಗ ದಾಟಬಯಸುವವರು ಗಾಳಿಯ ಕಡೆಯಿಂದಲೇ ಬರಬೇಕಾಗುತ್ತದೆ.

ನಮ್ಮ ಕ್ಲಬ್ಬುಗಳಲ್ಲಿ ಈ ಮೂರನೆಯ ಸ್ಥಾನವನ್ನು ಗೆಲ್ಲಲಾರದವನಿಗೆ ಕೊಡುವ ರೂಢಿಯಿದೆ. ಅದು ತಪ್ಪೆಂದು ನಾನು ದೃಢವಾಗಿ ನಂಬಿದ್ದೇನೆ. ಫ್ರಾನ್ಸಿನ ಪ್ರಸಿದ್ಧ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನಲ್ಲಿ, 2009ರ ಕೊನೆಯ ದಿನ, ಪ್ಯಾರಿಸ್ಸಿನ ಶಾಂಜ್ ಎಲಿಜೆಯಲ್ಲಿ ಮಾರ್ಕ್ ರೆನ್‌ಶಾ ಎಳೆದ ವೇಗ ಎಷ್ಟಿತ್ತೆಂದರೆ, ಅವನ ಹಿಂದಿದ್ದ ಸ್ಪ್ರಿಂಟರ್ ಮಾರ್ಕ್ ಕ್ಯಾವೆಂಡಿಶ್ ಗೆದ್ದ ಮೇಲೂ ಎರಡನೆಯ ಸ್ಥಾನ ರೆನ್‌ಶಾಗೇ ಉಳಿಯಿತು. 2023ರ ಟೂರಿನಲ್ಲಿ ಸ್ಪ್ರಿಂಟರ್ ಯಾಸ್ಪರ್ ಫಿಲಿಪ್ಸೆನ್ ನಾಲ್ಕು ಹಂತಗಳನ್ನೂ, ಅಂಕಪಟ್ಟಿಯ ಮೊದಲಿಗನಿಗೆ ಸಿಗುವ ಹಸಿರು ಜೆರ್ಸಿಯನ್ನೂ ಗೆದ್ದಾಗ ಅವನ ಮುಂದೆ ಎಳೆಯುತ್ತಿದ್ದವನು, ಅದೇ ವರ್ಷ ಮಿಲಾನ್–ಸಾನ್ ರೆಮೊ ಮತ್ತು ಪ್ಯಾರಿಸ್–ರೂಬೆ ಎಂಬ ದೊಡ್ಡ ಒಂದು ದಿನದ ರೇಸುಗಳನ್ನು ಗೆದ್ದಿದ್ದ ಮಾಥ್ಯೂ ವಾನ್ ಡರ್ ಪೂಲ್. ಅಂಥವನು ಇನ್ನೊಬ್ಬನಿಗಾಗಿ ಗಾಳಿಗೆ ಮುಖವೊಡ್ಡುವುದನ್ನು ನೋಡಿದಾಗಲೆಲ್ಲ ನನಗೆ ಈ ಕ್ರೀಡೆಯ ಮೇಲಿನ ಗೌರವ ಹೆಚ್ಚಾಗುತ್ತದೆ. ಆದರೆ ಹುಮ್ಮಸ್ಸಿಗೂ ಮಿತಿಯಿದೆ: 2010ರ ಟೂರಿನ ಹನ್ನೊಂದನೆಯ ಹಂತದಲ್ಲಿ ಎದುರಾಳಿ ತಂಡದ ಜೂಲಿಯನ್ ಡೀನ್‌ಗೆ ತಲೆಯಿಂದ ಗುದ್ದಿದ್ದಕ್ಕೆ ಇದೇ ರೆನ್‌ಶಾನನ್ನು ಟೂರಿನಿಂದ ಹೊರಹಾಕಲಾಯಿತು. ಸರಿಯುವಾಗಲೂ ನಮ್ಮ ನೇರ ದಾರಿ ಬಿಟ್ಟು ಇನ್ನೊಬ್ಬರ ದಾರಿಗೆ ಅಡ್ಡ ಹೋಗಬಾರದೆಂದು ಇಂದು ಮತ್ತೆ ಮಾತಾಡಿಕೊಂಡೆವು.

ಬಹುಮಾನದ ಹಣ ಯಾರ ಹೆಸರಿಗೆ ಬಂದರೂ ನಾಲ್ಕು ಸಮಪಾಲು ಎಂಬುದೂ ತೀರ್ಮಾನವಾಯಿತು.

ಇನ್ನು ಉಳಿದಿರುವುದು ತಿರುವಿನ ಪ್ರಶ್ನೆ. ರೇಸಿನ ಹಾದಿಯಲ್ಲಿ ಗೆರೆಗೆ ಸುಮಾರು 400 ಮೀಟರ್ ಇರುವಾಗ ಎಡತಿರುವೊಂದಿದ್ದು, ಅಲ್ಲಿಗೆ ಮೊದಲು ತಲುಪಿದ ತಂಡವೇ ಒಳಗಿನ ದಾರಿ ಹಿಡಿಯುತ್ತದೆ. ಆದ್ದರಿಂದ ಎರಡನೆಯವನು ತಿರುವು ದಾಟುವವರೆಗೂ ಎಳೆದು, ನನ್ನ ಪಾಲು 200 ಮೀಟರಿಗೆ ಇಳಿಯುವ ಹಾಗೆ ಮುಂದಿನ ಭಾನುವಾರ ಅಭ್ಯಾಸ ಮಾಡಲಿದ್ದೇವೆ.