ಮಾಗಳಿ ಬೇರು, ಕುಟ್ಕಿ ಬೇರು ಮತ್ತು ನಮ್ಮ ಮೇಷ್ಟ್ರು

ಚಿತ್ರದುರ್ಗದ ಜೋಗಿಮಟ್ಟಿ ಬೆಟ್ಟದ ಗಾಳಿಗೆ ಮೈಯೊಡ್ಡದೆ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಮುಗಿಸಿದವರು ಯಾರೂ ಇರಲಿಕ್ಕಿಲ್ಲ. ನಾನು ಬಿ.ಎಸ್ಸಿ.ಗೆ ಸೇರಿದ್ದು 1995ರಲ್ಲಿ. ಆ ವರ್ಷ ದಸರಾ ರಜೆ ಮುಗಿದ ಮೇಲಿನ ಭಾನುವಾರ ಮೇಷ್ಟ್ರು ನಮ್ಮನ್ನು ಬೆಟ್ಟಕ್ಕೆ ಕರೆದುಕೊಂಡು ಹೋದರು. ಬೆಳಿಗ್ಗೆ ಆರಕ್ಕೇ ಹೊರಟೆವು. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಆಡುಮಲ್ಲೇಶ್ವರದಲ್ಲಿ ನೀರು ಕುಡಿದು ಮೇಲಕ್ಕೆ ಹತ್ತಿದೆವು.

ಅರ್ಧ ದಾರಿಯಲ್ಲಿ ಬಂಡೆ ಸಂದಿಯಲ್ಲಿ ಒಂದು ಬಳ್ಳಿ ಕಂಡಿತು. ನನಗೆ ಅದರ ಗುರುತು ಚೆನ್ನಾಗಿತ್ತು. ಮಾಗಳಿ. ಮಜ್ಜಿಗೆಯಲ್ಲಿ ನೆನೆದ ಮಾಗಳಿ ಬೇರಿನ ಉಪ್ಪಿನಕಾಯಿ ಇಲ್ಲದೆ ನಮ್ಮ ಮನೆಯಲ್ಲಿ ವರ್ಷ ಕಳೆಯುತ್ತಿರಲಿಲ್ಲ. ನಾನೂ ನನ್ನ ಗೆಳತಿಯೂ ಹಿಂದೆ ಉಳಿದೆವು. ಚೂಪು ಕಲ್ಲಿನಿಂದ ಕೆದರಿದೆವು. ಗೊಂಚಲು ಗೊಂಚಲಾಗಿ ಬೇರು ಸಿಕ್ಕಿತು. ಮಣ್ಣು ಕೊಡವಿದರೆ ಆ ಘಮ ಕೈಗೆಲ್ಲ ಹತ್ತಿಕೊಂಡಿತು. ಒಂದು ಎಳೆಯನ್ನೂ ಬಿಡಲಿಲ್ಲ. ಅದು ಮೀಸಲು ಅರಣ್ಯ, ಅಲ್ಲಿ ಗಿಡ ಕೀಳುವಂತಿಲ್ಲ ಅನ್ನುವುದೂ ನಮಗೆ ಗೊತ್ತಿರಲಿಲ್ಲ. ಬೇರನ್ನು ದುಪಟ್ಟಾದಲ್ಲಿ ಕಟ್ಟಿಕೊಂಡು ಓಡಿಹೋಗಿ ಮೇಷ್ಟ್ರಿಗೆ ತೋರಿಸಿದೆವು. ಶಾಬಾಸ್ ಅನ್ನುತ್ತಾರೆ ಅಂದುಕೊಂಡಿದ್ದೆವು.

ಅವರು ಬೈಯಲಿಲ್ಲ. "ಇದಕ್ಕೆ ಎಷ್ಟು ವರ್ಷ ಆಗಿತ್ತು?" ಎಂದು ಕೇಳಿದರು. ನಮಗೆ ಗೊತ್ತಿರಲಿಲ್ಲ. ಎಲ್ಲರನ್ನೂ ಮತ್ತೆ ಆ ಬಂಡೆಯ ಹತ್ತಿರ ಕರೆದುಕೊಂಡು ಬಂದರು. ಉಳಿದಿದ್ದ ಬುಡವನ್ನು ಗುಂಡಿಯಲ್ಲಿ ಇಟ್ಟು ಮಣ್ಣು ಮುಚ್ಚಿದರು. ತಾವು ಕುಡಿಯಲು ತಂದಿದ್ದ ನೀರನ್ನು ಅದಕ್ಕೆ ಹನಿಸಿದರು. ಮುಂದಿನ ಮಳೆಗಾಲದಲ್ಲಿ ನಾನೊಬ್ಬಳೇ ಹೋಗಿ ನೋಡಿದೆ. ಅದು ಚಿಗುರಿರಲಿಲ್ಲ. ಇಷ್ಟು ವರ್ಷವಾದರೂ ಆ ಬಂಡೆ ಸಂದಿ ನನ್ನ ಕಣ್ಣಲ್ಲಿ ಹಾಗೇ ಇದೆ.

ಆ ದಿನ ಬೆಟ್ಟದ ಮೇಲೆ ಕೂತು ಮೇಷ್ಟ್ರು ಹೇಳಿದ್ದು ಯಾವ ಪರೀಕ್ಷೆಯಲ್ಲೂ ಬರಲಿಲ್ಲ. ನನ್ನ ಬದುಕಿಗೆ ಮಾತ್ರ ಅದೇ ದಾರಿಯಾಯಿತು. ಔಷಧಿ ಗಿಡದ ಹತ್ತಿರ ಹೋದಾಗ ಮೊದಲು ಕೇಳಬೇಕಾದ್ದು, ಅದರಿಂದ ಏನನ್ನು ತೆಗೆದುಕೊಳ್ಳುತ್ತೀವಿ ಅಂತ. ಮಧುನಾಶಿನಿಯ ಎಲೆ ಕಿತ್ತರೆ ಬಳ್ಳಿ ಮತ್ತೆ ಎಲೆ ಬಿಡುತ್ತದೆ. ಅಮೃತಬಳ್ಳಿಯ ತುಂಡು ಕೊಯ್ದರೆ ಉಳಿದದ್ದು ಮೇಲಿಂದ ಬೇರು ಇಳಿಬಿಟ್ಟು ಬದುಕಿಕೊಳ್ಳುತ್ತದೆ. ನೆಲ್ಲಿಕಾಯಿಗೆ ಕೊಂಬೆ ಕಡಿಯಬೇಕಿಲ್ಲ, ಅಲ್ಲಾಡಿಸಿದರೆ ಸಾಕು. ತೊಗಟೆಯನ್ನು ಮರದ ಸುತ್ತಲೂ ಸುಲಿದರೆ ಮರ ಒಣಗುತ್ತದೆ, ಒಂದು ಪಕ್ಕದಲ್ಲಿ ಅಷ್ಟೇ ತೆಗೆದರೆ ಗಾಯ ಮಾಯುತ್ತದೆ. ಬೇರು ಹಾಗಲ್ಲ. ಬೇರು ಕಿತ್ತರೆ ಗಿಡದ ಪ್ರಾಣಕ್ಕೇ ಕೈ ಹಾಕಿದಂತೆ. ಕೀಳಲೇಬೇಕಾದರೆ ಒಂದು ಪಕ್ಕದಿಂದ ಅಗೆಯಬೇಕು, ನಡುವಿನ ಬೇರನ್ನೂ ಒಂದೆರಡು ಗಡ್ಡೆಯನ್ನೂ ಬಿಡಬೇಕು, ಮಣ್ಣು ಮುಚ್ಚಬೇಕು. ಅದೂ ಕಾಯಿ ಒಡೆದು ಬೀಜ ಹತ್ತಿಯ ಹಾಗೆ ಹಾರಿಹೋದ ಮೇಲೆ.

ನಮ್ಮಜ್ಜಿ ತಲೆಗೆ ಹಚ್ಚುವ ಎಣ್ಣೆಗೆ ಜಟಾಮಾಂಸಿ ಹಾಕುತ್ತಿದ್ದಳು. ದುರ್ಗದ ಹಳೇ ಪೇಟೆಯ ಗ್ರಂಧಿಗೆ ಅಂಗಡಿಯಿಂದ ನಾನೇ ತಂದುಕೊಡುತ್ತಿದ್ದೆ. ಕಂದು ಬಣ್ಣದ, ಕೂದಲು ಸುತ್ತಿದ ಹಾಗಿರುವ ಒಣ ಬೇರು. ಒಂದು ದಿನ ಅದನ್ನು ಲ್ಯಾಬಿಗೆ ತಗೊಂಡು ಹೋಗಿ "ಇದು ಎಲ್ಲಿ ಬೆಳೆಯುತ್ತೆ ಸರ್?" ಅಂದೆ. "ಹಿಮಾಲಯದಲ್ಲಿ. ನಾನೂ ಕಣ್ಣಾರೆ ನೋಡಿಲ್ಲ. ನೀನು ನೋಡಿದರೆ ನನಗೊಂದು ಕಾಗದ ಬರಿ" ಅಂದರು. ಸುಮ್ನೆ ಹೇಳಿದ ಮಾತಲ್ಲ ಅದು. ನಮ್ಮಂಥ ಹುಡುಗಿಯರು ಅಲ್ಲಿಗೆ ಹೋಗಬಹುದು ಅಂತ ಅವರು ನಿಜವಾಗಿ ನಂಬಿದ್ದರು.

ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಆಯಿತು. ಆಮೇಲೆ ಅಲ್ಲಿ ಇಲ್ಲಿ ಸಣ್ಣ ಕೆಲಸಗಳು. 2003ರಲ್ಲಿ ಒಂದು ಸಂಶೋಧನಾ ತಂಡದ ಜೊತೆ ಹಿಮಾಲಯದ ಗಢವಾಲಕ್ಕೆ ಹೋದೆ.

ಮೊದಲು ಶ್ರೀನಗರಕ್ಕೆ. ಕಾಶ್ಮೀರದ ಶ್ರೀನಗರ ಅಲ್ಲ, ಅಲಕನಂದಾ ದಂಡೆಯ ಗಢವಾಲದ ಶ್ರೀನಗರ. ಎತ್ತರದ ಬೆಟ್ಟಗಳ ಗಿಡಗಳನ್ನೇ ಅಭ್ಯಾಸ ಮಾಡುವ ಸಂಶೋಧನಾ ಕೇಂದ್ರ ಅಲ್ಲಿ 1979ರಿಂದ ಇದೆ. ಅಲ್ಲಿಂದ ಚೋಪ್ತಾ, ಚೋಪ್ತಾದಿಂದ ತುಂಗನಾಥದ ಕಡೆಗೆ ನಡಿಗೆ. ತುಂಗನಾಥ ದೇವಸ್ಥಾನ ಇರುವುದು ಸುಮಾರು 3,680 ಮೀಟರ್ ಎತ್ತರದಲ್ಲಿ. ದಾರಿಯಲ್ಲಿ ಒಂದು ಕಡೆ ಮರಗಳು ನಿಂತೇ ಹೋಗುತ್ತವೆ. ಆಮೇಲೆ ಬರೀ ಹುಲ್ಲು, ಹೂವು, ಮಂಜು. ಅಲ್ಲಿಯವರು ಅದನ್ನು ಬುಗ್ಯಾಲ್ ಅನ್ನುತ್ತಾರೆ. ನಮ್ಮ ದನ ಮೇಯುವ ಕಾವಲಿನ ಹಾಗೆ ಅನ್ನೋಣ ಅಂದರೆ, ಕಾವಲಿನ ಮೇಲೆ ಆರು ತಿಂಗಳು ಹಿಮ ಬಿದ್ದಿರುವುದನ್ನು ಕಲ್ಪಿಸಿಕೊಳ್ಳಬೇಕು.

ಆ ಹಿಮದಲ್ಲೇ ಎಲ್ಲಾ ಗುಟ್ಟೂ ಇದೆ. ಮೇ ಹೊತ್ತಿಗೆ ಹಿಮ ಕರಗುತ್ತದೆ, ಅಕ್ಟೋಬರಿಗೆ ಮತ್ತೆ ಚಳಿ ಕೂರುತ್ತದೆ. ನಡುವಿನ ನಾಲ್ಕೈದು ತಿಂಗಳಲ್ಲೇ ಗಿಡ ಚಿಗುರಬೇಕು, ಹೂ ಬಿಡಬೇಕು, ಬೀಜ ಮಾಡಬೇಕು, ಚಳಿಗಾಲಕ್ಕೆ ಗಂಟು ಕಟ್ಟಬೇಕು. ಆ ಗಂಟೇ ಬೇರು. ಮನುಷ್ಯನಿಗೆ ಬೇಕಾಗಿರುವುದೂ ಅದೇ. ಕುಟ್ಕಿ, ಅಂದರೆ ನಾವು ಕಟುಕರೋಹಿಣಿ ಅನ್ನುವ ಕಹಿ ಬೇರು. ಜಟಾಮಾಂಸಿ. ಅತೀಸ್, ನಮ್ಮ ಅತಿವಿಷ. ಎಲ್ಲವೂ ನೆಲದೊಳಗಿನ ಮಾಲು. ಜೋಗಿಮಟ್ಟಿಯ ಮಾಗಳಿಗೆ ಬರ ಶತ್ರುವಾದರೆ ಇವಕ್ಕೆ ಚಳಿ ಶತ್ರು. ಬೆಳವಣಿಗೆ ಬಹಳ ನಿಧಾನ. ಕೀಳುವ ಹದಕ್ಕೆ ಬರಲು ವರ್ಷಗಟ್ಟಲೆ ಬೇಕು.

ಜಟಾಮಾಂಸಿಯನ್ನು ಮೊದಲ ಸಲ ನೆಲದಲ್ಲಿ ನೋಡಿದಾಗ ಅಜ್ಜಿಯ ಎಣ್ಣೆಯ ವಾಸನೆಯೇ ಬಂತು. ಗೇಣುದ್ದದ ಗಿಡ, ತಿಳಿ ಗುಲಾಬಿ ಹೂ. ಗಡಗಡ ನಡುಗುತ್ತಾ ಅದರ ಮುಂದೆ ಮಂಡಿಯೂರಿ ಕೂತಿದ್ದೆ. ಪೇಟೆಯಲ್ಲಿ ಅಂಗಡಿಯವರು ಹಿಡಿಗಟ್ಟಲೆ ತೂಗಿ ಕೊಡುತ್ತಿದ್ದರಲ್ಲ, ಆ ಒಂದೊಂದು ಹಿಡಿಯಲ್ಲೂ ಇಂಥ ಎಷ್ಟು ಗಿಡ ಇದ್ದವೋ ಅಂತ ಆಗ ಮೊದಲ ಸಲ ಯೋಚನೆ ಬಂತು.

ಚಮೋಲಿ ಜಿಲ್ಲೆಯ ಮೇಲಿನ ಒಂದು ಹಳ್ಳಿಯಲ್ಲಿ ಎರಡು ತಿಂಗಳು ಇದ್ದೆ. ನಾನು ಉಳಿದಿದ್ದ ಮನೆಯ ದೀದಿ ಪ್ರತಿ ವರ್ಷ ಬೇರು ಆಯಲು ಹೋಗುವವರು. ಅಲ್ಲಿ ಬಹಳಷ್ಟು ಹಳ್ಳಿಗಳಲ್ಲಿ ವನ ಪಂಚಾಯಿತಿ ಇರುತ್ತದೆ, ಊರಿನ ಕಾಡನ್ನು ಊರವರೇ ನೋಡಿಕೊಳ್ಳುವ ಪದ್ಧತಿ. ಯಾರು, ಎಲ್ಲಿ, ಯಾವಾಗ ಅಗೆಯಬಹುದು ಅಂತ ಅಲ್ಲಿ ಕೂತು ಮಾತಾಡುತ್ತಾರೆ. ಆದರೆ ಅದಕ್ಕಿಂತ ಹಳೆಯ ಕಟ್ಟಳೆ ಒಂದಿದೆ. ನಂದಾಷ್ಟಮಿ ಕಳೆಯುವವರೆಗೆ ಬುಗ್ಯಾಲಿನ ಗಿಡಕ್ಕೆ ಕೈ ಹಾಕಬಾರದು. ಅಲ್ಲಿ ಚಪ್ಪಲಿ ಬಿಟ್ಟು ನಡೆಯಬೇಕು, ಗಟ್ಟಿಯಾಗಿ ಕೂಗಬಾರದು.

ನಂದಾಷ್ಟಮಿ ಬರುವುದು ಭಾದ್ರಪದ ಶುದ್ಧ ಅಷ್ಟಮಿ. ನಮ್ಮ ಗೌರಿ ಹಬ್ಬ ತದಿಗೆಗೆ. ಐದು ದಿನದ ಅಂತರ ಅಷ್ಟೇ. ನಾವು ಗೌರಿಯನ್ನು ತವರಿಗೆ ಕರೆದು ಬಾಗಿನ ಕೊಡುವ ಹಾಗೆ ಅವರೂ ನಂದಾದೇವಿಯನ್ನು ಊರಿನ ಮಗಳು ಅನ್ನುತ್ತಾರೆ. ದೀದಿಗೆ ನಮ್ಮ ಹಬ್ಬದ ವಿಷಯ ಹೇಳಿದೆ. "ಹಾಗಾದರೆ ಇಬ್ಬರೂ ಅಕ್ಕತಂಗಿಯರು" ಅಂದರು. ಆ ಹೊತ್ತಿಗೆ ಬುಗ್ಯಾಲಿನಲ್ಲಿ ಗಿಡಗಳ ಬೀಜ ಬಲಿಯುತ್ತಿರುತ್ತದೆ. ಯಾವ ಅಜ್ಜಿ ಅದನ್ನು ಮೊದಲು ಗಮನಿಸಿ ದೇವಿಯ ಹೆಸರಲ್ಲಿ ಕಟ್ಟಿಹಾಕಿದಳೋ!

ಹಬ್ಬ ಕಳೆದ ಮೇಲೆ ದೀದಿಯ ಜೊತೆ ಹೋದೆ. ಅವರ ಕೈಯಲ್ಲಿ ಕುಟ್ಲಾ, ನಮ್ಮ ಕಳೆ ತೆಗೆಯುವ ಕುರ್ಚಿಗೆಯಂಥ ಸಣ್ಣ ಸಾಧನ. ಕುಟ್ಕಿ ನೆಲದ ಮೇಲ್ಪದರದಲ್ಲೇ ತೆವಳಿಕೊಂಡು ಹೋಗುತ್ತದೆ. ದೀದಿ ಹಿಂದಿನ ಬಲಿತ ಭಾಗವನ್ನು ಮುರಿದುಕೊಂಡರು. ಎಲೆ ಇರುವ ಮುಂದಿನ ತುದಿಯನ್ನು ಎಳೆ ಬೇರಿನ ಜೊತೆ ಮತ್ತೆ ಮಣ್ಣಿಗೆ ಒತ್ತಿದರು. ಹೆಬ್ಬೆರಳಿನಿಂದ ಎರಡು ಸಲ ಅದುಮಿದರು. ಅತೀಸ್ ಇನ್ನೂ ಚೆಂದ. ಅದಕ್ಕೆ ಜೋಡಿ ಗಡ್ಡೆ. ಒಂದು ತಾಯಿ, ಒಂದು ಮಗಳು. ಈ ವರ್ಷ ಹೂ, ಬೀಜ ಕೊಟ್ಟ ತಾಯಿ ಹೇಗಿದ್ದರೂ ಸೊರಗಿ ಹೋಗುತ್ತದೆ. ಮುಂದಿನ ವರ್ಷ ಚಿಗುರುವುದು ಮಗಳು. ಹಾಗಾಗಿ ಬೀಜ ಉದುರಿದ ಮೇಲೆ ತಾಯಿಯನ್ನು ತೆಗೆದುಕೊಂಡು ಮಗಳನ್ನು ಮುಚ್ಚಿ ಬರಬೇಕು. ನಮ್ಮ ಬಾಳೆಯ ಬುಡದ ಕಂದಿನ ಹಾಗೇ ಅಲ್ವಾ? ಒಮ್ಮೆ ಅಗೆದ ಜಾಗಕ್ಕೆ ಮತ್ತೆ ಕೆಲವು ವರ್ಷ ಹೋಗಬಾರದು. ಜಟಾಮಾಂಸಿಗಾದರೆ ಕಡಿಮೆ ಅಂದರೂ ಐದು ವರ್ಷ ಬಿಡಬೇಕು ಅಂತ ತಂಡದ ಹಿರಿಯರು ಹೇಳುತ್ತಿದ್ದರು.

ಆ ರಾತ್ರಿ ಮೇಷ್ಟ್ರಿಗೆ ಎಂಟು ಪುಟದ ಕಾಗದ ಬರೆದೆ. ತಾಯಿ ಮಗಳ ಗಡ್ಡೆಯ ಚಿತ್ರ ಬಿಡಿಸಿದೆ. ನೀವು ಬಂಡೆಯ ಹತ್ತಿರ ಹೇಳಿದ್ದನ್ನೇ ಇವರೂ ಮಾಡುತ್ತಾರೆ ಸರ್, ಅಂತ ಬಹಳ ಹೆಮ್ಮೆಯಿಂದ ಬರೆದೆ. ಮೂರು ವಾರಕ್ಕೆ ಉತ್ತರ ಬಂತು. ಒಂದು ಕಾರ್ಡು. ಚಿತ್ರ ಚೆನ್ನಾಗಿದೆ, ಮಫ್ಲರ್ ಕಟ್ಟಿಕೋ, ಅಂತ ಎರಡು ಸಾಲು. ಕೆಳಗೆ ಒಂದು ಪ್ರಶ್ನೆ: "ಕಾಯುವ ದಿನಗಳಲ್ಲಿ ಅವರು ಊಟಕ್ಕೆ ಏನು ಮಾಡುತ್ತಾರೆ?"

ನಾನು ಅದನ್ನು ಯಾರಿಗೂ ಕೇಳಿರಲಿಲ್ಲ. ಮರುದಿನ ದೀದಿಗೆ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು. ಎಲ್ಲರೂ ಕಾಯುವುದಿಲ್ಲ. ಕೆಳಗಿನ ವ್ಯಾಪಾರಿ ಚಳಿಗಾಲದಲ್ಲೇ ಮುಂಗಡ ಕೊಟ್ಟಿರುತ್ತಾನೆ. ಮಗಳ ಮದುವೆ, ಗಂಡನ ಕಾಯಿಲೆ, ಏನೋ ಒಂದು. ಜುಲೈನಲ್ಲೇ ಮಾಲು ಬೇಕು ಅನ್ನುತ್ತಾನೆ. ಆಗಿನ್ನೂ ಹೂವೇ ಮುಗಿದಿರುವುದಿಲ್ಲ. ತೂಕಕ್ಕೆ ದುಡ್ಡು. ಬಲಿತ ಬೇರಿಗೂ ಎಳೆ ಬೇರಿಗೂ ಒಂದೇ ದರ. ಮಗಳ ಗಡ್ಡೆ ಬಿಟ್ಟು ಬಂದರೆ ಅಷ್ಟು ತೂಕ ಕಡಿಮೆ. "ನಾನು ಬಿಟ್ಟು ಬಂದರೆ ಇನ್ನೊಬ್ಬರು ಕೀಳುತ್ತಾರೆ" ಅಂದರು. ಒಂದು ವರ್ಷ ತಾವೂ ಹಾಗೆ ಕಿತ್ತಿದ್ದನ್ನು ಹೇಳುವಾಗ ಅವರ ದನಿ ತಗ್ಗಿತು. ನನಗೆ ದುಪಟ್ಟಾದಲ್ಲಿ ಕಟ್ಟಿದ್ದ ಮಾಗಳಿ ನೆನಪಾಯಿತು. ನನಗಂತೂ ಹಸಿವಿನ ನೆಪವೂ ಇರಲಿಲ್ಲ.

ಆ ಬೇರು ಅಲ್ಲಿಂದ ಇಳಿದು ದಿಲ್ಲಿಯ ಖಾರಿ ಬಾವಲಿಯ ಸಗಟು ಅಂಗಡಿಗಳಿಗೆ ಬರುತ್ತದೆ. ಅಲ್ಲಿಂದ ಊರೂರಿಗೆ. ಕೈ ಬದಲಾದ ಹಾಗೆ ಬೆಲೆ ಏರುತ್ತದೆ. ಅಗೆದವರ ಕೈಗೆ ಸಿಕ್ಕಿದ್ದು ಮೊದಲಿನದೇ. ಕಾನೂನು ಇಲ್ಲವೆಂದಲ್ಲ. ಹಿಮಾಲಯದ ಕೋಷ್ಠ ಅನ್ನುವ ಔಷಧಿ ಗಿಡದ ಬೇರಿನ ವಿದೇಶಿ ವ್ಯಾಪಾರಕ್ಕೆ ಸೈಟಿಸ್, ಅಂದರೆ ಅಳಿವಿನ ಅಂಚಿನ ಗಿಡ, ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ, 1975ರಲ್ಲೇ ಕಡಿವಾಣ ಹಾಕಿತು, 1985ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿತು. ಕುಟ್ಕಿ, ಜಟಾಮಾಂಸಿ 1997ರಲ್ಲಿ ಅದರ ಪಟ್ಟಿಗೆ ಸೇರಿದವು. ಇವೆಲ್ಲ ಬೇಕು, ನಾನು ಬೇಡ ಅನ್ನುವುದಿಲ್ಲ. ಆದರೆ ಗಡಿಯಲ್ಲಿ ಹಾಕಿದ ಬೀಗ ದೀದಿಯ ಒಲೆಯವರೆಗೆ ಬರುವುದಿಲ್ಲ. ಮೇಷ್ಟ್ರ ಪ್ರಶ್ನೆ ಆ ಒಲೆಯ ಹತ್ತಿರ ಹುಟ್ಟಿದ್ದು.

ಅದಕ್ಕೆ ಉತ್ತರ ಹುಡುಕುವುದರಲ್ಲೇ ನನ್ನ ಮುಂದಿನ ವರ್ಷಗಳು ಹೋದವು. ಕೆಲವು ಕಡೆ ಸಿಕ್ಕಿದೆ. ಚಮೋಲಿಯ ಘೇಸ್ ಹಳ್ಳಿಯವರು ಕುಟ್ಕಿಯನ್ನು ತಮ್ಮ ಹೊಲದಲ್ಲೇ ಬೆಳೆಯುತ್ತಾರೆ. ಮೂರ್ನಾಲ್ಕು ವರ್ಷ ಕಾಯಬೇಕು, ಆದರೆ ಅದು ಅವರದೇ ನೆಲ, ಬೇರೆಯವರು ಬಂದು ಕೀಳುವ ಭಯವಿಲ್ಲ. ಫೇರ್‌ವೈಲ್ಡ್ ಅನ್ನುವ ಒಂದು ಮಾನದಂಡವಿದೆ. ಗಿಡ ಮತ್ತೆ ಬೆಳೆಯುವಷ್ಟೇ ಕೀಳಬೇಕು ಅನ್ನುವುದರ ಜೊತೆಗೆ, ಕೀಳುವವರಿಗೆ ನ್ಯಾಯವಾದ ಬೆಲೆ ಸಿಗಬೇಕು ಅಂತಲೂ ಅದು ಹೇಳುತ್ತದೆ. ಈ ಎರಡನೆಯದು ಇಲ್ಲದ ಯೋಜನೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಬೋರ್ಡು ಉಳಿಯುತ್ತದೆ, ಗಿಡ ಉಳಿಯುವುದಿಲ್ಲ.

ಹೋದ ವರ್ಷ ಊರಿಗೆ ಬಂದಾಗ ಸಂತೆಯಲ್ಲಿ ಒಬ್ಬ ಅಜ್ಜಿ ಗೋಣಿತಾಟಿನ ಮೇಲೆ ಮಾಗಳಿ ಬೇರು ಹಾಕಿಕೊಂಡು ಕೂತಿದ್ದಳು. ಹೆಚ್ಚಿನವು ಕಿರುಬೆರಳಿನಷ್ಟು ಸಣ್ಣವು. ನಾನು ಚಿಕ್ಕವಳಿದ್ದಾಗ ಇಷ್ಟು ಎಳೆಯದನ್ನು ಯಾರೂ ಮಾರುತ್ತಿರಲಿಲ್ಲ. "ಯಾಕವ್ವಾ ಇಷ್ಟು ಎಳೇದು?" ಅಂದೆ. "ನಾ ಬಿಟ್ರೆ ಇನ್ನೊಬ್ರು ಕೀಳ್ತಾರೆ ಕಣವ್ವಾ" ಅಂದಳು. ಸಾವಿರ ಮೈಲಿ ಆಚೆ ಕೇಳಿದ ಅದೇ ಮಾತು, ನಮ್ಮ ದುರ್ಗದ ಕನ್ನಡದಲ್ಲಿ. ಜೋಗಿಮಟ್ಟಿ 2015ರಲ್ಲಿ ವನ್ಯಧಾಮ ಆಗಿದೆ. ಅಲ್ಲಿನ ಬಳ್ಳಿಗೆ ಒಂದಿಷ್ಟು ನೆರಳು ಸಿಕ್ಕಿದೆ. ಅದರ ಆಚೆ, ಹೆಸರಿಲ್ಲದ ಗುಡ್ಡಗಳ ಬಂಡೆ ಸಂದಿಗಳಲ್ಲಿ ಇರುವುದನ್ನು ಕಾಯುವವರು ಯಾರು?

ಅವತ್ತು ಸಂಜೆ ಮೇಷ್ಟ್ರ ಮನೆಗೆ ಹೋದೆ. ಈಗ ಮಂಡಿ ನೋವು, ಜಾಸ್ತಿ ಓಡಾಡುವುದಿಲ್ಲ. ಸಂತೆಯ ಅಜ್ಜಿಯ ಮಾತು ಹೇಳಿದೆ. "ಅವಳ ಹೊಲದ ಬದುವಿನಲ್ಲಿ ಬೆಳೆಯೋಕೆ ಸಸಿ ಕೊಡು. ಸಸಿ ಎಲ್ಲಿದೆ ಮೊದಲು?" ಅಂದರು. ಅವರ ಕಾಲದಲ್ಲಿ ಲ್ಯಾಬಿನ ಹಿಂದೆ ಔಷಧಿ ಗಿಡಗಳ ಒಂದು ಮಡಿ ಇತ್ತು. ಈಗ ಅಲ್ಲಿ ಪಾರ್ಥೇನಿಯಂ ಬೆಳೆದಿದೆ.

ಬೀಜದಿಂದ ಎಬ್ಬಿಸಿದ ನಲವತ್ತು ಮಾಗಳಿ ಸಸಿಗಳು ಈಗ ನನ್ನ ಹತ್ತಿರ ಇವೆ. ಪ್ರಾಂಶುಪಾಲರು ಆ ಜಾಗ ಕೊಡಲು ಒಪ್ಪಿದ್ದಾರೆ. ಸಂತೆಯ ಅಜ್ಜಿ ತನ್ನ ಬದುವಿಗೆ ಹತ್ತು ಸಸಿ ಕೇಳಿದ್ದಾಳೆ. ಆರಿದ್ರಾ ಮಳೆ ಹಿಡಿದ ಮೊದಲ ಭಾನುವಾರ ಕಾಲೇಜಿಗೆ ಬರುತ್ತೇನೆ. ಮಡಿ ಹಸನು ಮಾಡಲು, ಗುಂಡಿ ತೋಡಲು ನಾಲ್ಕೈದು ಜನ ಬೇಕು. ಗುದ್ದಲಿ ನಾನು ತರುತ್ತೇನೆ. ಆಟೋ ಕಳಿಸಿದರೆ ಮೇಷ್ಟ್ರೂ ಬರುತ್ತಾರಂತೆ.